ಗೊತ್ತಿಲ್ಲದಿದ್ದರೆ ‘ಮಿಜ್’

ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಒಂದು ಸೂತ್ರ ಹೇಳಿಕೊಡುತ್ತಾರೆ: ಮದುವೆಯಾದವರಿಗೆ ಮಿಸೆಸ್, ಆಗದವರಿಗೆ ಮಿಸ್, ಗೊತ್ತಿಲ್ಲದಿದ್ದರೆ ಮಿಜ್. ಬಾಯಿಪಾಠಕ್ಕೆ ಸುಲಭ. ಮೊದಲೆರಡು ಇವತ್ತಿನ ಬಳಕೆಗೆ ಸರಿಯೂ ಹೌದು. ನನ್ನ ತಕರಾರಿರುವುದು ಮೂರನೆಯದರ ಬಗ್ಗೆ. ‘ಗೊತ್ತಿಲ್ಲದಿದ್ದರೆ’ ಎಂದರೆ ಗೊತ್ತಿರಬೇಕಿತ್ತು ಎಂದಾಯಿತಲ್ಲ? ವಿಮೆಯ ಕಾಗದ ಕಳಿಸುವ ಗುಮಾಸ್ತನಿಗೆ ಆಕೆಯ ಮದುವೆಯ ಸಂಗತಿ ಏಕೆ ಗೊತ್ತಿರಬೇಕು? ಗಂಡಸಿಗೆ ಬರೆಯುವಾಗ ಈ ಕುತೂಹಲವೇ ಹುಟ್ಟುವುದಿಲ್ಲ. ಮಿಸ್ಟರ್ ಎಂದರೆ ಮುಗಿಯಿತು. ಅವನು ಬ್ರಹ್ಮಚಾರಿಯೋ ವಿಧುರನೋ ಎಂಬುದು ಅವನ ಮನೆಯ ವಿಷಯ.

ಸೂತ್ರಕ್ಕೆ ಒಂದು ವಂಶಾವಳಿ ಇದೆ, ಒಪ್ಪುತ್ತೇನೆ. 1901ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಒಂದು ಪತ್ರಿಕೆ ಮಿಜ್ ಬಳಸಿ ಎಂದು ಸೂಚಿಸಿದ್ದು ಮದುವೆಯಾಗಿದೆಯೋ ಇಲ್ಲವೋ ಗೊತ್ತಿಲ್ಲದ ಮುಜುಗರ ತಪ್ಪಿಸಲೆಂದೇ. ಆದರೆ ಅದನ್ನು ಮಹಿಳಾ ಚಳವಳಿಯ ಪದವಾಗಿಸಿದ ಶೀಲಾ ಮೈಕಲ್ಸ್ ಅವರ ಯೋಚನೆ ಬೇರೆ. 1960ರ ದಶಕದ ಆರಂಭದಲ್ಲಿ, ಜೊತೆಗಿದ್ದ ಗೆಳತಿಗೆ ಬಂದ ಅಂಚೆಯ ಮೇಲೆ ಆಕೆ ಇದನ್ನು ಕಂಡರು; ಮೊದಲಿಗೆ ಅಚ್ಚಿನ ತಪ್ಪೆಂದುಕೊಂಡರಂತೆ. ಆಕೆಗೆ ಬೇಕಿದ್ದುದು ಯಾವ ಗಂಡಸಿನ ಸ್ವತ್ತೂ ಅಲ್ಲದ ಹೆಣ್ಣಿಗೊಂದು ಸಂಬೋಧನೆ. ಅಲ್ಲಿ ಪ್ರಶ್ನೆಗೆ ಉತ್ತರ ತಿಳಿಯದ ಸಂಕೋಚವಿಲ್ಲ, ಪ್ರಶ್ನೆಯೇ ಬೇಡವೆಂಬ ನಿಲುವಿದೆ.

ಹಳೆಯ ಸಂಪ್ರದಾಯವನ್ನೇಕೆ ಕೆದಕಬೇಕು ಎನ್ನುವವರಿದ್ದಾರೆ. ಯಾವ ಸಂಪ್ರದಾಯ? ಮಿಸ್, ಮಿಸೆಸ್ ಎರಡೂ ‘ಮಿಸ್ಟ್ರೆಸ್’ ಎಂಬ ಒಂದೇ ಬೇರಿನವು. 1755ರ ಸ್ಯಾಮ್ಯುಯಲ್ ಜಾನ್ಸನ್ನನ ನಿಘಂಟಿನಲ್ಲಿ ಆ ಪದಕ್ಕೆ ಆಳುವವಳು, ನಿಪುಣೆ, ಶಿಕ್ಷಕಿ, ಪ್ರೇಯಸಿ, ಇಟ್ಟುಕೊಂಡವಳು ಎಂಬೆಲ್ಲ ಅರ್ಥಗಳಿವೆ, ಮದುವೆಯಾದವಳು ಎಂಬುದೊಂದಿಲ್ಲ. ಅಂಗಡಿ ನಡೆಸುವವಳು, ಆಳುಕಾಳುಗಳ ಮೇಲೆ ಅಧಿಕಾರವಿದ್ದವಳು ಮದುವೆಯಾಗದಿದ್ದರೂ ಮಿಸೆಸ್ಸೇ ಆಗಿದ್ದಳೆಂದು ಕೇಂಬ್ರಿಜ್‌ನ ಇತಿಹಾಸಕಾರ್ತಿ ಏಮಿ ಎರಿಕ್‌ಸನ್ ತೋರಿಸಿದ್ದಾರೆ. ಸಿರಿವಂತರ ಬಂಗಲೆಗಳ ಮೇಲ್ವಿಚಾರಕಿಗೆ ವಿಕ್ಟೋರಿಯಾ ಕಾಲದಲ್ಲೂ ಆ ಗೌರವ ಉಳಿದಿತ್ತು. ಅಂತಸ್ತಿನ ಗುರುತು ತಾಳಿಯ ಗುರುತಾದದ್ದು ಈಚೆಗೆ.

ಆ ಗುರುತು ಎಂಥ ಪೇಚಿಗೆ ಸಿಕ್ಕಿಸುತ್ತದೆಂದು ನೋಡಬೇಕಾದರೆ 1984ಕ್ಕೆ ಹೋಗಬೇಕು. ಆ ವರ್ಷ ಜೆರಾಲ್ಡೀನ್ ಫೆರಾರೊ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ನಿಂತರು. ಗಂಡ ಜಾನ್ ಜಕಾರೊ; ಫೆರಾರೊ ತವರಿನ ಹೆಸರು. ಮಿಜ್ ಎಂದರೆ ಮೂಗು ಮುರಿಯುತ್ತಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಕಷ್ಟ ಬಂತು. ಮಿಸ್ ಫೆರಾರೊ ಎಂದರೆ ಮೂರು ಮಕ್ಕಳ ತಾಯಿಯನ್ನು ಕನ್ಯೆಯಾಗಿಸಿದಂತೆ. ಮಿಸೆಸ್ ಜಕಾರೊ ಎಂದರೆ ಮತಪತ್ರದಲ್ಲಿ ಆ ಹೆಸರಿನವರೇ ಇಲ್ಲ. ಇನ್ನು ಮಿಸೆಸ್ ಫೆರಾರೊ? ಆ ಪತ್ರಿಕೆಯ ವ್ಯಾಕರಣದ ಪ್ರಕಾರವೇ ಅದು ಆಕೆಯ ತಾಯಿ! ಭಾಷೆಯ ವಿಷಯದಲ್ಲಿ ಮಡಿವಂತನೆಂದು ಹೆಸರಾಗಿದ್ದ ಅಂಕಣಕಾರ ವಿಲಿಯಂ ಸಫೈರ್ ಕೂಡ ಆಗ ಮಿಜ್ ಪರ ವಾದಿಸಿದ. ಪತ್ರಿಕೆ ಬಗ್ಗಲು 1986ರ ಜೂನ್ ಬರಬೇಕಾಯಿತು. ಮಿಜ್ ಯಾವುದರ ಸಂಕ್ಷೇಪವೂ ಅಲ್ಲ ಎಂಬ ಆಕ್ಷೇಪಕ್ಕೆ, ಮಿಸೆಸ್‌ನ ಇಂಗ್ಲಿಷ್ ಕಾಗುಣಿತದಲ್ಲಿ ‘ರ’ ಏನು ಮಾಡುತ್ತಿದೆ ಎಂದು ಕೇಳಿದರೆ ಸಾಕು.

ಇನ್ನೊಂದು ಆಕ್ಷೇಪವನ್ನು ಹೀಗೆ ತಳ್ಳಿಹಾಕಲಾರೆ. ಮಿಸೆಸ್ ಎನ್ನಿಸಿಕೊಳ್ಳಲು ಇಷ್ಟಪಡುವ ಹೆಂಗಸರು ಬಹಳ. ಗಂಡ ತೀರಿಕೊಂಡ ಮೇಲೂ ಅದನ್ನು ಬಿಡದ ಇಂಗ್ಲಿಷ್ ಅಜ್ಜಿಗೆ ಅದು ಸಂಕೋಲೆಯಲ್ಲ, ನಲವತ್ತು ವರ್ಷದ ಬಾಳ್ವೆಯ ನೆನಪು. ಅದನ್ನು ಅಳಿಸಿ ಮಿಜ್ ಬರೆಯಲು ನಾವ್ಯಾರು? ಆಕೆ ತಾನಾಗಿ ಹೇಳಿದರೆ ಹಾಗೆಯೇ ಕರೆಯೋಣ. ಕೇಳಿ ತಿಳಿಯುವ ಹಕ್ಕು ನಮಗಿಲ್ಲ ಎಂಬುದಷ್ಟೇ ನನ್ನ ವಾದ.

ತಪ್ಪು ಪದದ್ದಲ್ಲ ಎಂಬುದಕ್ಕೆ ಬೆಂಗಳೂರಿನ ಶಾಲೆಗಳೇ ಸಾಕ್ಷಿ. ಮೊಮ್ಮಕ್ಕಳಿರುವ ಟೀಚರೂ ಅಲ್ಲಿ ‘ಮಿಸ್’. ಮಕ್ಕಳು ಯಾರ ಕೊರಳನ್ನೂ ನೋಡಿ ಕೂಗುವುದಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲೂ ಇದೇ ರೂಢಿ. ಆದರೆ ಮೇಷ್ಟರಿಗೆ ಸರ್ ಎಂಬ ಬಿರುದು, ಮೇಡಮ್ಮಿಗೆ ಮಾತ್ರ ಹುಡುಗಿಯರ ಮಿಸ್ ಏಕೆಂದು ಅಲ್ಲಿನ ಭಾಷಾಶಾಸ್ತ್ರಜ್ಞೆ ಜೆನಿಫರ್ ಕೋಟ್ಸ್ 2014ರಲ್ಲಿ ಆಕ್ಷೇಪಿಸಿದ್ದರು.

ಪಶ್ಚಿಮ ಜರ್ಮನಿ 1972ರಲ್ಲಿ ತನ್ನ ‘ಮಿಸ್’ ಆದ ‘ಫ್ರಾಯ್ಲೈನ್’ ಅನ್ನೂ ಫ್ರಾನ್ಸ್ 2012ರಲ್ಲಿ ತನ್ನ ‘ಮದ್‌ಮ್ವಾಜೆಲ್’ ಅನ್ನೂ ಸರ್ಕಾರಿ ಬರವಣಿಗೆಯಿಂದ ಕೈಬಿಟ್ಟವು. ಇದ್ದ ಎರಡರಲ್ಲಿ ಒಂದನ್ನು ಕಳೆದಾಗ ಉಳಿದದ್ದು ಎಲ್ಲರದಾಯಿತು. ಇಂಗ್ಲಿಷ್ ಹಳೆಯ ಎರಡನ್ನೂ ಇಟ್ಟುಕೊಂಡು ಮೂರನೆಯದನ್ನು ಸೇರಿಸಿತು. ಹಾಗಾಗಿ ಅರ್ಜಿಯಲ್ಲಿ ಮಿಜ್‌ಗೆ ಗುರುತು ಹಾಕಿದವಳನ್ನು ವಿಚ್ಛೇದಿತೆಯಿರಬೇಕು, ಇಲ್ಲವೇ ಸ್ತ್ರೀವಾದಿಯಿರಬೇಕು ಎಂದು ಊಹಿಸುವವರಿಗೆ ಈಗಲೂ ಕೊರತೆಯಿಲ್ಲ.