ದೋಣಿಗೆ ಯಾವ ಡ್ರೆಸ್ಸು?

ಪೀಣ್ಯದ ನಮ್ಮ ಕಾರ್ಖಾನೆಯವರು ಹೊನ್ನಾವರಕ್ಕೆ, ಶರಾವತಿಯ ದೋಣಿವಿಹಾರಕ್ಕೆ ಹೊರಟಾಗ ವಾಟ್ಸಾಪ್ ಗುಂಪಿನಲ್ಲಿ ವಾರವಿಡೀ ನಡೆದ ಚರ್ಚೆ ಒಂದೇ: ಬಿಳಿಯೋ ನೀಲಿಯೋ, ಸೀರೆಯೋ ಚೂಡಿದಾರವೋ? ಹೆಲ್ಮೆಟ್, ಸೇಫ್ಟಿ ಶೂ ಇಲ್ಲದವರನ್ನು ಮಷಿನ್ ಹತ್ತಿರ ಬಿಡದ ನಾವೇ, ದೋಣಿಯಲ್ಲಿ ಕೊಟ್ಟ ಲೈಫ್ ಜಾಕೆಟ್ಟನ್ನು "ಫೋಟೋದಲ್ಲಿ ಡ್ರೆಸ್ ಕಾಣಲ್ಲ" ಎಂದು ಬಿಚ್ಚಿ ಕಾಲಡಿ ಹಾಕಿದೆವು. ನಾನೂ ಬಿಚ್ಚಿದೆ. ಬೆವರು ವಾಸನೆ ಎಂಬುದು ನನ್ನ ನೆಪ.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರೂ ಸಂಭ್ರಮಕ್ಕೆಂದೇ ಹೋದವರು.

"ನನಗೆ ಈಜು ಬರುತ್ತೆ" ಎನ್ನುವವರಿದ್ದಾರೆ. ಒದ್ದೆ ಜೀನ್ಸ್ ಕಾಲಿಗೆ ಭಾರವಾದಾಗ, ಪಕ್ಕದವರು ಕೊರಳಿಗೆ ಜೋತುಬಿದ್ದಾಗ ಆ ಈಜು ಎಷ್ಟು ಹೊತ್ತು? "ಬೇಕಾದಾಗ ಹಾಕಿಕೊಂಡರಾಯಿತು" ಎನ್ನುವವರೂ ಇದ್ದಾರೆ. ಗ್ರೈಂಡಿಂಗ್ ಕಿಡಿ ಕಣ್ಣಿಗೆ ಬಿದ್ದ ಮೇಲೆ ಗಾಗಲ್ಸ್ ಹುಡುಕಿದ ಹಾಗಾಯಿತು ಅದು.

ಸೀರೆ, ಜೀನ್ಸ್ ಅವರವರ ಇಷ್ಟ. ಅದರ ಮೇಲೆ ಜಾಕೆಟ್ ಇರಲಿ, ಬಕಲ್ ಬಿಗಿಯಾಗಿರಲಿ. ಮುಂದಿನ ಪ್ರವಾಸಕ್ಕೆ ಗುಂಪಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: ಮಕ್ಕಳ ಅಳತೆಯದ್ದೂ ಸೇರಿ ಎಲ್ಲರಿಗೂ ಜಾಕೆಟ್ ಇದೆಯೇ? ಇಲ್ಲವೆಂದರೆ ದೋಣಿ ಬೇಡ. ಫೋಟೋ ದಡದಲ್ಲೇ ತೆಗೆಸಿಕೊಳ್ಳೋಣ.