ಒಬ್ಬ ವಿದ್ಯಾರ್ಥಿಗೆ ಒಬ್ಬ ರೋಗಿ

ಮೆಡಿಕಲ್ ವಾರ್ಡಿಗೆ ಲಿವರ್ ದೊಡ್ಡದಾದ ರೋಗಿಯೊಬ್ಬರು ದಾಖಲಾದರೆ ಮರುದಿನ ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಬಿಡುವಿರುವುದಿಲ್ಲ. ಒಂಬತ್ತು ಗಂಟೆಗೆ ಒಂದು ಬ್ಯಾಚು ಬಂದು ಒತ್ತುತ್ತದೆ, ಹತ್ತೂವರೆಗೆ ಇನ್ನೊಂದು, ಊಟವಾದ ಮೇಲೆ ಪರೀಕ್ಷೆಗೆ ಓದುತ್ತಿರುವ ಪಿ.ಜಿ.ಗಳು. ಪಕ್ಕದ ಮಂಚದ ಸಕ್ಕರೆ ಕಾಯಿಲೆಯ ಅಜ್ಜ, ಅದರಾಚೆ ರಕ್ತಹೀನತೆಯ ಹೆಂಗಸು, ಇವರ ಹತ್ತಿರ ಯಾರೂ ಸುಳಿಯುವುದಿಲ್ಲ. ಅವರಲ್ಲಿ ಕೈಗೆ ಸಿಗುವ ‘ಫೈಂಡಿಂಗ್’ ಏನೂ ಇಲ್ಲವಲ್ಲ!

ಸರ್ಕಾರಿ ಮೆಡಿಕಲ್ ಕಾಲೇಜೊಂದರಲ್ಲಿ ಜನರಲ್ ಮೆಡಿಸಿನ್ ಕಲಿಸಿ ನಿವೃತ್ತಳಾದವಳು ನಾನು. ಹೊಸ ಬಿಳಿ ಕೋಟು, ಕೊರಳಲ್ಲಿ ಹೊಳೆಯುವ ಸ್ಟೆತಾಸ್ಕೋಪು ಹಾಕಿಕೊಂಡು ಮೊದಲ ಸಲ ವಾರ್ಡಿಗೆ ಬರುವ ಹುಡುಗ ಹುಡುಗಿಯರನ್ನು ವರ್ಷ ವರ್ಷವೂ ನೋಡಿದ್ದೇನೆ. ಅವರಲ್ಲಿ ದಡ್ಡರು ಯಾರೂ ಇಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಅರೆದು ಕುಡಿದವರೇ. ಆದರೂ ಮೊದಲ ವಾರವೇ ತಬ್ಬಿಬ್ಬಾಗುತ್ತಾರೆ. ಕಾರಣ ಇಷ್ಟೆ: ಪುಸ್ತಕ ಕಾಯಿಲೆಯ ಹೆಸರಿನಿಂದ ಶುರುವಾಗಿ ಲಕ್ಷಣಗಳಿಗೆ ಬರುತ್ತದೆ, ರೋಗಿ ಬರುವುದು ಉಲ್ಟಾ ದಾರಿಯಲ್ಲಿ. ಮೈಟ್ರಲ್ ಕವಾಟ ಕಿರಿದಾದರೆ ಏನೇನಾಗುತ್ತದೆ ಎಂದು ಕೇಳಿ, ಪಟಪಟನೆ ಹೇಳುತ್ತಾರೆ. “ನಾಕು ಹೆಜ್ಜೆ ಹಾಕಿದ್ರೆ ಏದುಸಿರು ಕಣವ್ವಾ” ಎಂದು ಒಬ್ಬಾಕೆ ಎದುರು ಕೂತರೆ, ಇದು ಎದೆಯದೋ, ಶ್ವಾಸಕೋಶದ್ದೋ, ರಕ್ತ ಕಡಿಮೆಯಾಗಿಯೋ, ಎಲ್ಲಿಂದ ಕೇಳಲು ಶುರು ಮಾಡಬೇಕು ಎಂದೇ ತೋಚುವುದಿಲ್ಲ. ಹೀಗೆ ತಿರುಗಿಸಿ ಯೋಚಿಸುವುದನ್ನು ಯಾವ ಲೆಕ್ಚರ್ ಹಾಲಿನಲ್ಲೂ ಕಲಿಸಲಾಗದು. ಒಬ್ಬ ರೋಗಿಯ ಹಿಂದೆ ಬಿದ್ದು ಕಲಿಯಬೇಕು, ಅಷ್ಟೆ.

ಇದೇನೂ ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವಲ್ಲ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ ನಿಯಮಾವಳಿಯಲ್ಲೇ ‘ಲರ್ನರ್ ಡಾಕ್ಟರ್’ ಎಂಬ ಕ್ರಮವಿದೆ. ಯೂನಿಟ್ಟಿನ ಅಡ್ಮಿಷನ್ ದಿನ ವಿದ್ಯಾರ್ಥಿ ಸಂಜೆ ಆರರವರೆಗೆ ಅಲ್ಲೇ ಇರಬೇಕು. ಅಂದು ದಾಖಲಾದ ರೋಗಿಯನ್ನು ಅವನಿಗೆ ವಹಿಸಬೇಕು. ಆ ರೋಗಿ ಡಿಸ್ಚಾರ್ಜ್ ಆಗುವವರೆಗೆ ಅವನು ಬೆನ್ನಿಗಿರಬೇಕು, ರೌಂಡ್ಸಿನಲ್ಲಿ ಅವರ ಬಗ್ಗೆ ಹೇಳಬೇಕು. ಚಿಕಿತ್ಸೆಯ ತೀರ್ಮಾನ ಮಾತ್ರ ಹಿರಿಯರದೇ. ಇಷ್ಟು ಚೆಂದದ ನಿಯಮ ಲಾಗ್‌ಬುಕ್ಕಿನ ಸಹಿಯಾಗಿ ಮುಗಿದುಹೋಗಿದೆ. ಎಷ್ಟೋ ಕಡೆ ವಾರ್ಡಿನಲ್ಲಿ ಇಂದಿಗೂ ನಡೆಯುವುದು ಮಂಚದ ಸುತ್ತ ಗುಂಪು ನಿಂತು, ಮುಂದಿನ ಸಾಲಿನ ಇಬ್ಬರು ಉತ್ತರ ಹೇಳಿ, ಹಿಂದಿನ ಸಾಲಿನವರು ಮೊಬೈಲು ನೋಡುವ ಕಾರ್ಯಕ್ರಮವೇ.

ನನ್ನ ಯೂನಿಟ್ಟಿನಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿ ಎಂದು ಹಂಚುತ್ತಿದ್ದೆ. ಹಾಗೆ ಮೂರನೇ ವರ್ಷದ ಹುಡುಗಿಯೊಬ್ಬಳ ಪಾಲಿಗೆ ಬಂದವರು, ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು. ರುಮ್ಯಾಟಿಕ್ ಹೃದ್ರೋಗ. ಕಾಲು ಊದಿಕೊಂಡು, ರಾತ್ರಿ ಮಲಗಲಾಗದೆ ಎದ್ದು ಕೂರುವ ಸ್ಥಿತಿಯಲ್ಲಿ ಮತ್ತೆ ಮತ್ತೆ ದಾಖಲಾಗುತ್ತಿದ್ದರು. ಹಳೆಯ ಕೇಸ್ ಶೀಟುಗಳಲ್ಲೆಲ್ಲ ಒಂದೇ ಷರಾ: ಡಿಫಾಲ್ಟರ್, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದವರಿಲ್ಲ. ಡ್ಯೂಟಿ ಡಾಕ್ಟರಿಗೆ ಪುರುಸೊತ್ತೆಲ್ಲಿ? ಈ ಹುಡುಗಿಗೆ ಪುರುಸೊತ್ತಿತ್ತು. ಎಕೋ ಮಾಡಿಸಲು ಗಾಲಿಕುರ್ಚಿಯ ಜೊತೆ ಹೋದಳು, ಸರದಿಯಲ್ಲಿ ಪಕ್ಕದಲ್ಲೇ ಕೂತಳು. ಅಲ್ಲಿ ಮಾತಿಗೆ ಮಾತು ಬೆಳೆದು ವಿಷಯ ಹೊರಬಿತ್ತು. ಬೆಳಿಗ್ಗೆ ಲ್ಯಾಸಿಕ್ಸ್ ನುಂಗಿದರೆ ಗಂಟೆಯೊಳಗೆ ಮೂತ್ರ ಶುರು, ಐದಾರು ಗಂಟೆ ಬಿಡುವುದಿಲ್ಲ. ಸಂತೆಯ ಹತ್ತಿರ ಹೆಂಗಸರಿಗೆ ಶೌಚಾಲಯವಿಲ್ಲ. “ಎಷ್ಟ್ ಸಲ ಎದ್ದೋಗಾನ ಡಾಕ್ಟ್ರಮ್ಮಾ, ಸೊಪ್ಪು ಯಾರ್ ನೋಡ್ಕತಾರೆ?” ಹಾಗಾಗಿ ವ್ಯಾಪಾರದ ದಿನ ನೀರಿನ ಮಾತ್ರೆಗೆ ರಜೆ. ವ್ಯಾಪಾರ ವಾರದಲ್ಲಿ ಆರು ದಿನ!

ಆ ಔಷಧ ಮೂತ್ರಪಿಂಡದ ಯಾವ ಭಾಗದಲ್ಲಿ, ಯಾವ ಲವಣಗಳನ್ನು ತಡೆಯುತ್ತದೆ ಎಂಬುದು ಆ ಹುಡುಗಿಗೆ ಫಾರ್ಮಕಾಲಜಿಯಲ್ಲೇ ಬಾಯಿಪಾಠವಾಗಿತ್ತು. ಮಾರನೇ ದಿನ ರೌಂಡ್ಸಿನಲ್ಲಿ, “ಮೇಡಂ, ಸಂತೆಯಿಂದ ಮನೆಗೆ ಬಂದ ಮೇಲೆ, ನಾಲ್ಕು ಗಂಟೆಗೆ ಕೊಟ್ಟರೆ ಆಗಲ್ವಾ?” ಎಂದಳು. ಆಗುತ್ತದೆ ಎಂದೆ, ಬರೆದುಕೊಟ್ಟೆ. ಮುಂದೆ ಆ ಹೆಂಗಸು ಓಪಿಡಿಗೆ ನಡೆದುಕೊಂಡೇ ಬರುತ್ತಿದ್ದರು, ಬರುವಾಗ ಹುಡುಗಿಯನ್ನು ವಿಚಾರಿಸುತ್ತಿದ್ದರು. ನನ್ನನ್ನಲ್ಲ.

ವಿದ್ಯಾರ್ಥಿಗಳು ಹೆಚ್ಚಾಗಿದ್ದಾರೆ, ಇದೆಲ್ಲ ಆಗದ ಮಾತು ಎನ್ನುವ ಸಹೋದ್ಯೋಗಿಗಳಿದ್ದಾರೆ. ಹೆಚ್ಚಾಗಿರುವುದು ನಿಜ. 2014ರ ಹೊತ್ತಿಗೆ ದೇಶದಲ್ಲಿ ಸುಮಾರು 51 ಸಾವಿರವಿದ್ದ ಎಂಬಿಬಿಎಸ್ ಸೀಟುಗಳು ಈಗ ಒಂದು ಲಕ್ಷ ದಾಟಿವೆ. ಆದರೂ ಲೆಕ್ಕ ಹಾಕಿ ನೋಡೋಣ. 150 ಸೀಟಿನ ಕಾಲೇಜಿನಲ್ಲಿ ಒಂದು ವರ್ಷದವರನ್ನು ಹತ್ತು ವಿಭಾಗಗಳಿಗೆ ಹಂಚಿದರೆ ಮೆಡಿಸಿನ್‌ಗೆ ಬರುವವರು ಹದಿನೈದು. ಮೂರು ವರ್ಷದವರೂ ಸೇರಿದರೆ ನಲವತ್ತೈದು. ನಾಲ್ಕು ಯೂನಿಟ್ಟುಗಳಿದ್ದರೆ ಯೂನಿಟ್ಟಿಗೆ ಹನ್ನೊಂದೋ ಹನ್ನೆರಡೋ ಜನ, ಮಂಚಗಳು ಮೂವತ್ತು. ಎಲ್ಲರೂ ಒಂದೇ ಹೊಟ್ಟೆ ಒತ್ತುವುದಕ್ಕೆ ರೋಗಿಗಳ ಕೊರತೆ ಕಾರಣವಲ್ಲ, ನಮ್ಮ ರೂಢಿ ಕಾರಣ. (ಮಂಚಗಳೇ ಖಾಲಿ ಹೊಡೆಯುವ ಕೆಲವು ಹೊಸ ಕಾಲೇಜುಗಳ ಕಥೆ ಬೇರೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು.)

ಹಾಗೆಂದು ಹುಡುಗರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅವರ ಮುಂದಿನ ಬದುಕನ್ನು ತೀರ್ಮಾನಿಸುವುದು ನೀಟ್ ಪಿ.ಜಿ. ಮೂರೂವರೆ ಗಂಟೆ, 200 ಪ್ರಶ್ನೆ, ಸರಿಯುತ್ತರ ಆರಿಸಿದರೆ ಮುಗಿಯಿತು. ಸೊಪ್ಪಿನವರ ಜೊತೆ ಎಕೋ ಸರದಿಯಲ್ಲಿ ಕೂತದ್ದಕ್ಕೆ ಅಲ್ಲಿ ಅರ್ಧ ಅಂಕವೂ ಇಲ್ಲ. ಹಾಜರಿ ಹಾಕಿ, ವಾರ್ಡಿನಿಂದ ಮೆಲ್ಲಗೆ ಜಾರಿ, ಲೈಬ್ರರಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೋಚಿಂಗ್ ಆ್ಯಪಿನ ವಿಡಿಯೊ ನೋಡುವವರು ಸೋಮಾರಿಗಳಲ್ಲ, ಲೆಕ್ಕಾಚಾರ ಬಲ್ಲವರು. ಪಿ.ಜಿ. ಆಯ್ಕೆಯಲ್ಲಿ ವಾರ್ಡಿನ ಕೆಲಸಕ್ಕೂ ಒಂದು ಪಾಲು ಸಿಗದ ಹೊರತು ಈ ಲೆಕ್ಕಾಚಾರ ತಪ್ಪುವುದಿಲ್ಲ. ಅಂಕ ಹಾಕುವಲ್ಲಿ ವಶೀಲಿ ನಡೆಯುತ್ತದೆ ಎಂಬ ಭಯ ಇದ್ದದ್ದೇ. ಅದಕ್ಕೆ ಬೇರೆ ಕಾಲೇಜಿನ ಪರೀಕ್ಷಕರನ್ನು ಕರೆಸಬಹುದು. ಫೈನಲ್ ಇಯರ್ ಪ್ರಾಕ್ಟಿಕಲ್ ಪರೀಕ್ಷೆಗೆ ಈಗಲೂ ಹೊರಗಿನ ಪರೀಕ್ಷಕರು ಬರುತ್ತಾರಲ್ಲ?

ದಿಲ್ಲಿಯವರು ಮನಸ್ಸು ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ರೋಗಿಯನ್ನು ವಿದ್ಯಾರ್ಥಿಗೆ ವಹಿಸುವ ಮುನ್ನ, “ಈ ಹುಡುಗ ನಿಮ್ಮ ಜೊತೆ ಇರಲಾ?” ಎಂದು ಅವರದೇ ಮಾತಿನಲ್ಲಿ ಕೇಳಬೇಕು. ಬೇಡ ಎಂದರೆ ಬಿಡಬೇಕು. ಉಚಿತವಾಗಿ ಚಿಕಿತ್ಸೆ ಪಡೆಯುತ್ತಾರೆಂದರೆ ಅವರ ಮೈ ಎಲ್ಲರಿಗೂ ಬಿಟ್ಟಿ ಎಂದಲ್ಲ. ಇನ್ನು ಸಮಯದ ಮಾತು. ರೋಗಿಗಳು ಹೆಚ್ಚಾಗಿ ದಾಖಲಾಗುವುದು ಓಪಿಡಿ ಮುಗಿದ ಮೇಲೆ, ಮಧ್ಯಾಹ್ನದಿಂದ ಸಂಜೆಯವರೆಗೆ. ನಿಯಮದ ಪ್ರಕಾರ ವಿದ್ಯಾರ್ಥಿ ಆರರವರೆಗೆ ವಾರ್ಡಿನಲ್ಲಿರಬೇಕು. ನಾನಿದ್ದ ಕಾಲೇಜಿನಲ್ಲಿ ಹಾಸ್ಟೆಲಿಗೆ ಹೋಗುವ ಬಸ್ಸು ನಾಲ್ಕಕ್ಕೇ ಹೊರಟುಬಿಡುತ್ತಿತ್ತು. ಅಡ್ಮಿಷನ್ ದಿನದವರಿಗಾಗಿ ಆರೂವರೆಗೆ ಇನ್ನೊಂದು ಟ್ರಿಪ್ ಹಾಕಿ ಎಂದು ಅರ್ಜಿ ಕೊಟ್ಟಿದ್ದೆ. ಡೀಸೆಲ್ ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂದು ಕೇಳಿ ಕಡತ ವಾಪಸು ಬಂತು.