ತಂಡ ನಮ್ಮದು, ಆ ಹಾಡು ನಮ್ಮದಲ್ಲ

ನಾವು ಚಿಕ್ಕಂದಿನಿಂದಲೂ ಅರ್ಜೆಂಟೀನಾದ ಕಡೆಯವರು. 2014ರ ಫೈನಲ್‌ನಲ್ಲಿ ಜರ್ಮನಿಯ ಗೊಟ್ಸೆ 113ನೇ ನಿಮಿಷದಲ್ಲಿ ಹೊಡೆದ ಗೋಲು, 2015 ಮತ್ತು 2016ರ ಕೋಪಾ ಫೈನಲ್‌ಗಳಲ್ಲಿ ಚಿಲಿ ಎದುರು ಪೆನಾಲ್ಟಿಯಲ್ಲಿ ಸೋತದ್ದು, ಎಲ್ಲವನ್ನೂ ನುಂಗಿಕೊಂಡವರು. 2022ರಲ್ಲಿ ಸೌದಿ ಅರೇಬಿಯಾ 2-1ರಿಂದ ಸೋಲಿಸಿದಾಗ ಅಲ್ಲಿ ಮರುದಿನ ರಜೆ! ಅಲ್ಲಿ ದುಡಿಯುವ ನಮ್ಮ ಹುಡುಗರಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆ ಕಪ್ ಮೆಸ್ಸಿ ಒಬ್ಬರೇ ಗೆದ್ದದ್ದು ಅನ್ನುವ ಮಾತು ನಾವು ಒಪ್ಪುವುದಿಲ್ಲ. ಲುಸೈಲ್‌ನಲ್ಲಿ 3-3 ಇದ್ದಾಗ ಕೊನೆ ಗಳಿಗೆಯಲ್ಲಿ ಫ್ರಾನ್ಸಿನ ಕೊಲೊ ಮುವಾನಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ಮಾರ್ಟಿನೆಝ್ ಎಡಗಾಲು ಚಾಚಿ ತಡೆಯದಿದ್ದರೆ ಆಟ ಪೆನಾಲ್ಟಿ ತನಕ ಹೋಗುತ್ತಲೇ ಇರಲಿಲ್ಲ.

ಆದರೆ 2024ರ ಕೋಪಾ ಗೆದ್ದ ಮೇಲೆ ಬಸ್ಸಿನಲ್ಲಿ ಕೆಲವು ಆಟಗಾರರು ಒಂದು ಹಾಡು ಹಾಡಿದರಲ್ಲ, ಫ್ರಾನ್ಸ್ ಆಟಗಾರರ ಆಫ್ರಿಕಾ ಮೂಲವನ್ನು ಹಂಗಿಸುವ ಹಾಡು? "ಗೆದ್ದ ಖುಷಿಯಲ್ಲಿ ಆದದ್ದು, ಬಿಡಿ ಉಸ್ತಾದ್" ಅನ್ನುತ್ತಾರೆ ಹುಡುಗರು. ಹೇಗೆ ಬಿಡುವುದು? ಎಂಬಾಪೆಯ ತಂದೆ ಕ್ಯಾಮರೂನ್ ಮೂಲದವರು, ತಾಯಿ ಅಲ್ಜೀರಿಯಾ ಮೂಲದವರು. ದುಡಿಮೆಗಾಗಿ ಕಡಲು ದಾಟಿದವರು ನಮ್ಮ ಮನೆ ಮನೆಯಲ್ಲೂ ಇದ್ದಾರೆ. "ನೀನು ಇಲ್ಲಿಯವನಲ್ಲ" ಅನ್ನುವ ಮಾತು ಎಲ್ಲಿ ತಾಗುತ್ತದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಎನ್ಝೊ ಫರ್ನಾಂಡಿಸ್ ಕ್ಷಮೆ ಕೇಳಿದ್ದು ಸರಿಯಾಯಿತು. ದನಿಗೂಡಿಸಿದವರೆಲ್ಲ ಕೇಳಬೇಕಿತ್ತು.

ಅಂಗಿ ನಾವು ಬದಲಿಸುವುದಿಲ್ಲ. ಆ ವಿಡಿಯೊವನ್ನು ಸ್ಟೇಟಸ್‌ಗೆ ಹಾಕಿಕೊಂಡ ಮಕ್ಕಳು ಮಾತ್ರ ಅದನ್ನೊಮ್ಮೆ ತೆಗೆದುಬಿಡಲಿ.